ಕವುಚಿ ಹಾಕಿದ ಕೊಪ್ಪರಿಗೆ

ನನಗಾಗ ಮೂವತ್ತಮೂರು ವರ್ಷ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಮರಾಠಿ ಸೀಮೆಯ ತುರ್ಭೆಯಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಂಪನಿ ಇತ್ತು. ಅದರ ಕ್ಯಾಂಟೀನಿನಲ್ಲಿ ನಾನು ಕೆಲಸಕ್ಕಿದ್ದೆ. ಈಗ ಆ ಕಂಪನಿಯೂ ಇಲ್ಲ, ಅದರ ಚಿಮಣಿಯೂ ಇಲ್ಲ. ಅಲ್ಲಿ ಗಾಜಿನ ಕಟ್ಟಡ ನಿಂತಿದೆ. ನನ್ನ ತಂಗಿಯ ಮೊಮ್ಮಗಳು ರೂಪಾ ಅಂಥದೇ ಇನ್ನೊಂದು ಗಾಜಿನ ಕಟ್ಟಡದ ಕ್ಯಾಂಟೀನಿಗೆ ಮೊನ್ನೆ ಸೇರಿದಳು. ತಲೆಗೆ ಟೊಪ್ಪಿ, ಕೈಗೆ ಗ್ಲೌಸು, ಕುತ್ತಿಗೆಗೆ ಕಾರ್ಡು. "ಅಜ್ಜಿ, ಆಪ್ ಲೋಗ್ ಕೈಸೇ ಕಾಮ್ ಕರ್ತೇ ಥೇ?" ಅಂತ ಕೇಳಿದಳು. ನಾವೆಲ್ಲ ಹೇಗೆ ಕೆಲಸ ಮಾಡುತ್ತಿದ್ದೆವು ಅಂತ. ಕನ್ನಡ ಅವಳಿಗೆ ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಹೇಳಿದರೆ ಅರ್ಧ ಕೇಳಿ ಮೊಬೈಲು ನೋಡುತ್ತಾಳೆ. ಅದಕ್ಕೇ ಬರೆದೆ. ಅವಳ ಅಮ್ಮ ಓದಿ ಹೇಳಲಿ. ನನ್ನದು ಮೂರನೇ ಕ್ಲಾಸು, ಮೂಲ್ಕಿ ಹತ್ತಿರದ ಶಾಲೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕ್ಯಾಂಟೀನು ಕಂಪನಿಯ ಒಳಗೆ, ಆದರೆ ನಾವು ಕಂಪನಿಯವರಲ್ಲ. ಕ್ಯಾಂಟೀನಿನ ಠೇಕೆ, ಅಂದರೆ ಗುತ್ತಿಗೆ, ರಾಮಣ್ಣ ಧಣಿಯದು. ನಮ್ಮ ಊರಿನ ಕಡೆಯವರೇ. ಸಣ್ಣಂದಿನಲ್ಲಿ ಹೋಟೆಲಿನಲ್ಲಿ ಅರೆಯುವ ಕಲ್ಲು ತಿರುಗಿಸಿ ತಿರುಗಿಸಿ ಮೇಲೆ ಬಂದವರು. ಅಡುಗೆಯ ಮುಖ್ಯಸ್ಥ ವಾಸಣ್ಣ, ಕಾರ್ಕಳದವ, ಕ್ಯಾಂಟೀನಿನ ಹಿಂದಿನ ಕೋಣೆಯಲ್ಲೇ ಅವನ ವಾಸ. ಕೆಳಗೆ ನಾವು ಆರು ಹೆಂಗಸರು. ನಾನು ಕಳವಾ ಎಂಬ ಊರಿನಿಂದ ಬರುತ್ತಿದ್ದೆ. ನನ್ನ ಜೊತೆಯವಳು ನೀಲವ್ವ, ಬಿಜಾಪುರದ ಕಡೆಯವಳು, ತುರ್ಭೆಯ ಕಲ್ಲು ಕ್ವಾರಿಯ ಹತ್ತಿರ ಅವಳ ಗುಡಿಸಲು. ಬಾಯಿ ಎಂದರೆ ಅವಳದು ಬಾಯಿ.

ಕಂಪನಿಯ ಗಂಡಸರಿಗೆ ಕಂಪನಿ ಬಸ್ಸು. ನಮಗೆ ಧಣಿಯ ತರಕಾರಿ ಟೆಂಪೋ. ಬಟಾಟೆ ಮೂಟೆಯ ಮೇಲೆ ಕೂತು ಬರಬೇಕು. ಅವರಿಗೆ ದೊಡ್ಡ ಗೇಟು, ನಮಗೆ ಕಸ ಹೋಗುವ ಹಿಂದಿನ ಗೇಟು. ಅವರಿಗೆ ಬೆಂಚು, ಮೇಜು. ನಾವು ಎಲ್ಲರದೂ ಆದ ಮೇಲೆ ಪಾತ್ರೆ ತೊಳೆಯುವಲ್ಲಿ ನಿಂತು ತಿನ್ನಬೇಕು. ಉಪ್ಪು ಕಡಿಮೆ, ಖಾರ ಜಾಸ್ತಿ ಅಂತ ಕೂತು ತಿನ್ನುವವರು ಹೇಳಬಹುದು, ಇಲ್ಲ ಧಣಿ ಹೇಳಬಹುದು. ನಿಂತು ತಿನ್ನುವವರಿಗೆ ನಾಲಗೆ ಇಲ್ಲ. ಒಮ್ಮೆ ನಾನು "ಸಾಂಬಾರಿಗೆ ಉಪ್ಪಿಲ್ಲ" ಎಂದೆ. ಧಣಿ ತಿರುಗಿ ನೋಡಿ, "ನಿನಗೆ ಯಾರು ಬಡಿಸಿದ್ದು?" ಎಂದರು. ಮತ್ತೆ ನಾನು ಹೇಳಲಿಲ್ಲ. ಆದರೆ ಮರೆಯಲೂ ಇಲ್ಲ.

ಆ ಕಂಪನಿಯಲ್ಲಿ ಯಾರು ಯಾವ ಖಾತೆಯವರು ಅಂತ ಕೇಳಬೇಕಾಗಿರಲಿಲ್ಲ. ಕೆಂಪು ಖಾತೆಯವನ ಉಗುರು ಕೆಂಪು, ಹಳದಿಯವನ ಬನಿಯನ್ನು ಹಳದಿ, ನೀಲಿಯವನು ಬೆವರಿದರೆ ಕುತ್ತಿಗೆಯಲ್ಲಿ ನೀಲಿ ಗೆರೆ. ಗ್ಲೌಸು ಗೀಸು ಯಾರೂ ಕೇಳಿರಲಿಲ್ಲ, ಕೇಳಿದರೂ ಕೊಡುವವರಿರಲಿಲ್ಲ. ಕೆಂಪು ಖಾತೆಯ ಪಾಂಡುಮಾಮ ಅಂತ ಒಬ್ಬ ಮುದುಕ ಇದ್ದ, ಸಾತಾರದ ಕಡೆಯವನು, ಮಾತು ಕಡಿಮೆ, ಹಸಿವೆ ಜಾಸ್ತಿ. ಒಂದು ದಿನ ನಾವು ಬಡಿಸುವುದರೊಳಗೆ ಕೊಪ್ಪರಿಗೆಗೇ ಕೈ ಹಾಕಿದ. ಬಿಸಿ ಅನ್ನ, ಒದ್ದೆ ಕೈ. ಇಡೀ ಕೊಪ್ಪರಿಗೆ ಅನ್ನ ಗುಲಾಬಿ ಆಗಿ ಕೂತಿತು! ಚಂದ ಇತ್ತು, ಮದುವೆ ಮನೆಯ ಅನ್ನದ ಹಾಗೆ. ಯಾರೂ ಮುಟ್ಟಲಿಲ್ಲ. ವಾಸಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಸೌಟು ಹಿಡಿದು ಪಾಂಡುಮಾಮನನ್ನು ಬೈದದ್ದು ಆಚೆ ನೀಲಿ ಖಾತೆಯವರಿಗೂ ಕೇಳಿತಂತೆ. ಧಣಿ ಬಂದು ಕೇಳಿದಾಗ ಮಾತ್ರ, "ಬೀಟ್‌ರೂಟ್ ಬಿತ್ತು" ಎಂದೆ. ಮುದುಕನ ಸಂಬಳ ಕತ್ತರಿಸಿ ನನಗೆ ಏನಾಗಬೇಕಿತ್ತು? ಮುದುಕ ಮರುದಿನದಿಂದ ಕೈ ಹಿಂದೆ ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದ, ಶಾಲೆಯ ಹುಡುಗನ ಹಾಗೆ.

ನಮ್ಮ ದಿನ ಹೀಗೆ. ಬೆಳಿಗ್ಗೆ ಬಂದ ಕೂಡಲೇ ಮರುದಿನದ ಅಕ್ಕಿ, ಉದ್ದು ನೆನೆ ಹಾಕಬೇಕು. ಮಧ್ಯಾಹ್ನದ ಊಟ ಮುಗಿದ ಮೇಲೆ ಅರೆಯಬೇಕು. ನಾನು ಸೇರಿದಾಗ ಕಲ್ಲು, ಕೈಯಲ್ಲೇ. ಆಮೇಲೆ ಮೋಟಾರಿನ ಗ್ರೈಂಡರ್ ಬಂತು, ಮಳೆಗಾಲದಲ್ಲಿ ಮುಟ್ಟಿದರೆ ಜುಂ ಎನ್ನುತ್ತಿತ್ತು. ವಾಸಣ್ಣ ಅದಕ್ಕೆ ಹೆದರಿ ಕೋಲಿನಿಂದ ಸ್ವಿಚ್ಚು ಒತ್ತುತ್ತಿದ್ದ. ಅರೆದ ಹಿಟ್ಟು ದೊಡ್ಡ ಕೊಪ್ಪರಿಗೆಗಳಿಗೆ. ರಾತ್ರಿ ಅದು ತನ್ನಷ್ಟಕ್ಕೆ ಹುಳಿ ಬಂದು ಉಬ್ಬುತ್ತದೆ, ಬೆಳಿಗ್ಗೆ ಇಡ್ಲಿ. ನಮ್ಮ ಕಡೆಯ ಹೋಟೆಲುಗಳಲ್ಲಿ ಒಂದು ರೂಢಿ ಉಂಟು. ಹಿಟ್ಟಿನ ಕೊಪ್ಪರಿಗೆಯನ್ನು ತೊಳೆದು ಕವುಚಿ ಹಾಕುವುದಿಲ್ಲ. ತೊಳೆದ ಕೂಡಲೇ ಮತ್ತೆ ಹಿಟ್ಟು ಬೀಳಬೇಕು. ಕವುಚಿ ಹಾಕಿದರೆ ನಾಳೆ ಹೋಟೆಲು ಬಂದ್ ಎಂದೇ ಅರ್ಥ. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಈ ರೂಢಿಯಿಂದ ಎಷ್ಟು ದೊಡ್ಡ ರಗಳೆ ಆಯಿತು ಅಂತ ಮುಂದೆ ಬರುತ್ತದೆ.

ಕಂಪನಿಯ ಗಂಡಸರಿಗೆ ಯೂನಿಯನ್ ಇತ್ತು. ಅದರ ಮುಂದಾಳು ಜಾಧವ್, ನೀಲಿ ಖಾತೆಯವನು, ಗಟ್ಟಿ ಗಂಟಲು. ಆ ವರ್ಷ ಅವರ ಮಾಗಣಿಗಳು, ಅಂದರೆ ಬೇಡಿಕೆಗಳು, ಬಹಳ ದಿನ ಬಾಕಿ ಇದ್ದವು. ನಾನು ಒಂದು ದಿನ ಚಹಾ ಕೊಡುವಾಗ ಕೇಳಿದೆ. ಮಾತು ನಡೆದದ್ದು ಅರ್ಧ ಮರಾಠಿ ಅರ್ಧ ಹಿಂದಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಜಾಧವ್ ಭಾವೂ, ನಮ್ಮದೂ ಸೇರಿಸಿ. ನಮ್ಮ ಹೆಸರನ್ನೂ ಕಂಪನಿಯ ಮಸ್ಟರಿಗೆ, ಹಾಜರಿ ಪುಸ್ತಕಕ್ಕೆ, ಹಾಕಲಿ. ವರ್ಷಗಟ್ಟಲೆ ಇಲ್ಲೇ ಬೇಯುತ್ತಿದ್ದೇವೆ."

"ಸುಂದರಿಬಾಯಿ, ನಿಮ್ಮ ಮಾಲಕ ಬೇರೆ, ನಮ್ಮ ಮಾಲಕ ಬೇರೆ. ಮೊದಲು ನಮ್ಮದು ಆಗಲಿ."

"ಇಡ್ಲಿ ಮಾತ್ರ ಒಂದೇ ಅಲ್ಲವಾ?"

ಅವನು ನಕ್ಕು ಚಹಾ ಕುಡಿದ. ಅಷ್ಟೇ.

ಆ ಮೇಲೆ ಮೊದಲ ಸ್ಟ್ರೈಕು ಬಂತು. ಯಾರಿಗೂ ಹೇಳದೆ, ಬೆಳಗಿನ ಭೋಂಗಾ, ಅಂದರೆ ಸೈರನ್ನು, ಆದ ಕೂಡಲೇ ಹೊರಗೆ ನಿಲ್ಲುವುದು ಅಂತ ಯೂನಿಯನ್ನಿನ ಲೆಕ್ಕ. ಹೇಳಿದರೆ ಕಂಪನಿ ಬೇರೆ ಕಡೆಯಿಂದ ಜನ ತಂದು ಒಳಗೆ ತುಂಬುತ್ತದಲ್ಲ. ಹಿಂದಿನ ದಿನ ಬೆಳಿಗ್ಗೆ ಜಾಧವ್ ವಾಸಣ್ಣನ ಕಿವಿಯಲ್ಲಿ ಮಾತ್ರ, "ನಾಳೆ ಒಲೆ ಹಚ್ಚಬೇಡ" ಎಂದಿದ್ದ. ನಮಗೆ ಗೊತ್ತಿಲ್ಲ. ಆ ದಿನ ಅಕ್ಕಿ, ಉದ್ದು ನೆನೆ ಹಾಕಲಿಕ್ಕೂ ನಮ್ಮನ್ನು ಬಿಡದೆ, ತಾನೇ ಹಾಕುತ್ತೇನೆ ಎಂದಿದ್ದ ವಾಸಣ್ಣ. ವಾಸಣ್ಣ ಊಟ ಮುಗಿದ ಕೂಡಲೇ, "ಇವತ್ತು ನೀವೆಲ್ಲ ಬೇಗ ಹೋಗಿ, ಉಳಿದದ್ದು ನಾನೇ ನೋಡಿಕೊಳ್ಳುತ್ತೇನೆ" ಎಂದ. ನಮಗೆ ಖುಷಿಯೋ ಖುಷಿ. ನಾನು ಠಾಣೆ ಪೇಟೆಗೆ ಹೋಗಿ ಬಳೆ ತೆಗೆದುಕೊಂಡೆ.

ಮರುದಿನ ನೋಡಿದರೆ ಗೇಟಿನಲ್ಲಿ ಪೊಲೀಸರು, ಒಳಗೆ ಬೇರೆ ಕಂಪನಿಯ ಆಳುಗಳು, ಚಿಮಣಿಯಲ್ಲಿ ಹೊಗೆ. ಸ್ಟ್ರೈಕು ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಿತು. ಗಂಡಸರು ತಲೆ ತಗ್ಗಿಸಿಕೊಂಡು ಒಳಗೆ ಬಂದರು.

ಬಂದವರು ನಮ್ಮ ಕೈಯ ಚಹಾ ಕುಡಿಯಲಿಲ್ಲ.

ಯಾರೋ ಹೇಳಿಬಿಟ್ಟಿದ್ದಾರೆ ಅಂತ ಅವರಿಗೆ ಗೊತ್ತಿತ್ತು. ಯಾರು? ಮ್ಯಾನೇಜರನ ಕೋಣೆಗೆ ಚಹಾ ಒಯ್ಯುವವರು ಯಾರು? ನಾವು. ಆ ದಿನ ಬೇಗ ಮನೆಗೆ ಹೋದವರು ಯಾರು? ನಾವು. ಯಾರಿಗೂ ತಿಳಿಯದ ಭಾಷೆ ಮಾತಾಡುವವರು ಯಾರು? ನಾನೂ ವಾಸಣ್ಣನೂ ತುಳುವಿನಲ್ಲಿ ಜಗಳಾಡುವುದು ಎಲ್ಲರೂ ಕೇಳಿದ್ದರು. ಜಾಧವ್ ಬಂದು ಮುಖಕ್ಕೇ ಕೇಳಿದ, "ಆ ದಿನ ಯಾಕೆ ಬೇಗ ಹೋದಿರಿ?"

"ಬಿಟ್ಟರು, ಹೋದೆವು. ಬಿಟ್ಟರೆ ನೀನು ಹೋಗುವುದಿಲ್ಲವಾ?"

ಹಿಂದಿನಿಂದ ಒಬ್ಬ "ಫಿತೂರ್" ಎಂದ. ದ್ರೋಹಿ ಅಂತ. ನೀಲವ್ವ ಲಟ್ಟಣಿಗೆ ಎತ್ತಿಕೊಂಡು ಹೊರಟಳು, "ಯಾಂವ ಅಂದಾಂವ? ಮುಂದ ಬಾರಲೇ, ಚಪಾತಿ ಮಾಡಿ ಒಗೀತೀನಿ!" ಹಿಡಿದು ನಿಲ್ಲಿಸಿದೆವು. ಆದರೆ ಆ ಮಾತು ಹೋಗಲಿಲ್ಲ. ಮಸ್ಟರಿನ ಮಾತು ಇನ್ನು ಎತ್ತುವ ಹಾಗೇ ಇಲ್ಲ. ದ್ರೋಹಿಗಳನ್ನು ಯಾವ ಯೂನಿಯನ್ ಸೇರಿಸಿಕೊಳ್ಳುತ್ತದೆ? ನಾನು ಅತ್ತಿಲ್ಲ. ಸಿಟ್ಟು ಬಂತು. ಹೇಳಿದ್ದು ಯಾರು ಅಂತ ನನಗೂ ತಿಳಿಯಬೇಕಿತ್ತು.

ತಿಳಿದದ್ದು ಡೊಂಬಿವಿಲಿಯಲ್ಲಿ. ಧಣಿ ಅಲ್ಲಿ ಹೊಸ ಬ್ಲಾಕು ಮನೆ ತೆಗೆದುಕೊಂಡು ಸತ್ಯನಾರಾಯಣ ಪೂಜೆ ಇಟ್ಟರು. ನಮ್ಮನ್ನೆಲ್ಲ ಕರೆದರು. ಕರೆದದ್ದು ಕೂರಿಸುವುದಕ್ಕಲ್ಲ, ಬಡಿಸುವುದಕ್ಕೆ, ಅದು ಬೇರೆ ಮಾತು. ಊಟದ ಪಂಕ್ತಿಯಲ್ಲಿ ಧಣಿಯ ಭಾವ, ಮೂರು ಹೋಟೆಲಿನ ಯಜಮಾನ, ಕೇಳಿದ, "ರಾಮಣ್ಣ, ಕಂಪನಿಯಲ್ಲಿ ನಿನಗೆ ಬಹಳ ಮರ್ಯಾದೆ ಅಂತೆ?"

ಧಣಿಗೆ ಹೋಳಿಗೆ ತಿಂದು ಹುರುಪು ಬಂದಿತ್ತು. "ಮರ್ಯಾದೆ ಸುಮ್ಮನೆ ಬರುತ್ತದಾ? ಅವರ ಸ್ಟ್ರೈಕು ಮೊದಲು ಹಿಡಿದದ್ದೇ ನಾನು. ಸಂಜೆ ಸ್ಟೋರು ನೋಡಲಿಕ್ಕೆ ಹೋದೆ. ನೋಡಿದರೆ ಕೊಪ್ಪರಿಗೆ ಕವುಚಿ ಹಾಕಿ ಉಂಟು! 'ಎಂತ ವಾಸು, ನಾಳೆ ಏಕಾದಶಿಯಾ?' ಅಂತ ಕೇಳಿದರೆ ಇವ ಬೆ ಬೆ ಬೆ. ಅಲ್ಲಿಂದಲೇ ಸಾಹೇಬರಿಗೆ ಫೋನು ಮಾಡಿದೆ. ನಾಳೆ ತಿನ್ನುವವರು ಯಾರೂ ಬರುವುದಿಲ್ಲ ಅಂತ."

ಪಂಕ್ತಿ ಪೂರ ನಕ್ಕಿತು. ನಾನು ಪಾಯಸದ ಬಾಲ್ದಿ ಹಿಡಿದುಕೊಂಡು ನಿಂತಲ್ಲೇ ನಿಂತೆ. ಎದುರಿನ ಸಾಲಿನಲ್ಲಿ ವಾಸಣ್ಣ ಸಾರು ಬಡಿಸುತ್ತಿದ್ದ. ಅವನ ಸೌಟು ಯಾರದೋ ಎಲೆಯ ಮೇಲೆ ಸುರಿಯುತ್ತಲೇ ಇತ್ತು, ಸಾರು ಪಂಚೆಗೆ ಹರಿದು ಅವರು ಎದ್ದು ಕುಣಿದರು.

ಒಳಗೆ ಅಡುಗೆಮನೆಯಲ್ಲಿ ಹಿಡಿದೆ. "ವಾಸಣ್ಣ, ನೀನಾ?"

"ನಾನು ಯಾರಿಗೂ ಹೇಳಲಿಲ್ಲ ಮಾರಾಯ್ತಿ. ದೇವರಾಣೆ."

"ಕೊಪ್ಪರಿಗೆ ಯಾಕೆ ಕವುಚಿ ಹಾಕಿದೆ?"

"ಮತ್ತೆ? ನಾಳೆ ತಿನ್ನುವವರಿಲ್ಲ ಅಂತ ಗೊತ್ತಿದ್ದೂ ಅಷ್ಟು ಅಕ್ಕಿ ನೆನೆ ಹಾಕುವುದಾ? ಹುಳಿ ಬಂದು ಚರಂಡಿಗೆ ಚೆಲ್ಲುವುದಾ? ನನ್ನ ಕೈ ಬರಲಿಲ್ಲ ಸುಂದರಿ." ಅವನ ಕಣ್ಣಲ್ಲಿ ನೀರು. ಮೂಗಿನಲ್ಲೂ. ನನಗೆ ನಗು ತಡೆಯಲಿಕ್ಕಾಗಲಿಲ್ಲ. ನೀಲವ್ವನಿಗೆ ಹೇಳಿದೆ, ಅವಳು ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೆ ಕೂತಳು. ಇಷ್ಟು ದೊಡ್ಡ ಯೂನಿಯನ್ನು, ಇಷ್ಟು ಗುಟ್ಟು, ಇಷ್ಟು ಭಾಷಣ, ಎಲ್ಲ ಹೋದದ್ದು ಒಂದು ಮುಷ್ಟಿ ಉದ್ದಿನ ಬೇಳೆಯಿಂದ!

ಮರುದಿನ ವಾಸಣ್ಣನ ಕೈ ಹಿಡಿದು ಎಳೆದುಕೊಂಡು ಜಾಧವನ ಮುಂದೆ ನಿಲ್ಲಿಸಿದೆ. ಎಲ್ಲ ಹೇಳಿಸಿದೆ. ಜಾಧವನಿಗೆ ಮೊದಲು ತಿಳಿಯಲೇ ಇಲ್ಲ. ಕೊಪ್ಪರಿಗೆಗೂ ಸ್ಟ್ರೈಕಿಗೂ ಏನು ಸಂಬಂಧ? ಮತ್ತೆ ಹೇಳಿದೆವು. ಆಗ ಅವನು ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣು ಒರೆಸಿಕೊಂಡ, ಕೆನ್ನೆ ನೀಲಿ ಆಯಿತು.

"ಸುಂದರಿಬಾಯಿ, ತಪ್ಪಾಯಿತು. ನಿಮ್ಮ ಮೇಲೆ ಹಾಕಬಾರದಿತ್ತು."

"ತಪ್ಪಾಯಿತು ಅಂದರೆ ಸಾಲದು. ಇನ್ನೊಂದು ಸ್ಟ್ರೈಕು ಮಾಡುತ್ತೀರಲ್ಲ?"

ಅವನು ಆಚೀಚೆ ನೋಡಿದ. "ಮಾಡುತ್ತೇವೆ."

"ಹಿಂದಿನ ದಿನ ನಾವು ಅಕ್ಕಿ ನೆನೆ ಹಾಕುತ್ತೇವೆ, ಹಿಟ್ಟು ಅರೆಯುತ್ತೇವೆ. ಧಣಿ ಬಂದು ಮುಚ್ಚಳ ತೆಗೆದು ನೋಡಲಿ. ಆದರೆ ನಮ್ಮ ಮಸ್ಟರಿನ ಮಾತು ನಿಮ್ಮ ಮಾಗಣಿಯಲ್ಲಿ ಬರಬೇಕು. ಎಲ್ಲಕ್ಕಿಂತ ಕೊನೆಗೆ ಅಲ್ಲ, ಮಧ್ಯದಲ್ಲಿ. ಕೊನೆಯದನ್ನು ಬಿಡುವುದು ಸುಲಭ."

"ಮಾತು ಕೊಟ್ಟೆ."

"ನನಗೆ ಕಿವಿಯಲ್ಲಿ ಕೊಡಬೇಡ. ಗೇಟಿನಲ್ಲಿ ಎಲ್ಲರ ಮುಂದೆ ಕೊಡು."

ಕೊಟ್ಟ. ಸಂಜೆಯ ಗೇಟ್ ಸಭೆಯಲ್ಲಿ ಹೆಸರು ಹಿಡಿದು ಹೇಳಿದ. ಮೊನ್ನೆ ಫಿತೂರ್ ಎಂದವನೇ ಎಲ್ಲರಿಗಿಂತ ಜೋರಾಗಿ ಕೈ ತಟ್ಟಿದ. ನೀಲವ್ವ ಅವನನ್ನು ನೋಡಿ ಲಟ್ಟಣಿಗೆ ತಿರುಗಿಸುವ ಹಾಗೆ ಕೈ ಮಾಡಿದಳು.

ಮಳೆಗಾಲ ಮುಗಿದ ಮೇಲೆ ಸ್ಟ್ರೈಕಿನ ದಿನ ಗೊತ್ತಾಯಿತು. ಅದರ ಮುನ್ನಾದಿನ ನಾವು ದಿನಕ್ಕಿಂತ ಜಾಸ್ತಿಯೇ ಅಕ್ಕಿ ನೆನೆ ಹಾಕಿದೆವು. ವಾಸಣ್ಣ ಉದ್ದು ಅಳೆಯುವಾಗ ಹುಳಿ ಮಾವು ಕಚ್ಚಿದವನ ಹಾಗೆ ಮುಖ ಮಾಡಿದ. ಧಣಿ ಆ ದಿನ ಮಧ್ಯಾಹ್ನವೇ ಬಂದರು. ಒಂದೊಂದೇ ಕೊಪ್ಪರಿಗೆಯ ಮುಚ್ಚಳ ತೆಗೆದು ನೋಡಿದರು. ಮುಖ ಅರಳಿತು. ಆದರೂ, "ಇವತ್ತು ಎಂತ ಇಷ್ಟು?" ಎಂದರು.

ವಾಸಣ್ಣ ಬೆ ಬೆ ಶುರು ಮಾಡುವ ಮೊದಲು ನಾನು ಹೇಳಿದೆ, "ಇವತ್ತು ಸಂಕಷ್ಟಿ ಅಲ್ಲವಾ ಧಣಿ? ಮರಾಠಿಯವರೆಲ್ಲ ಉಪವಾಸ. ಇವತ್ತಿನದೂ ಸೇರಿಸಿ ನಾಳೆ ತಿನ್ನುತ್ತಾರೆ."

"ಬುದ್ಧಿ ಉಂಟು ನಿನಗೆ" ಎಂದು ಹೋದರು. ಸಂಕಷ್ಟಿ ನಿಜವಾಗಿಯೂ ಇತ್ತು. ಸುಳ್ಳು ಹೇಳುವಾಗ ಅರ್ಧ ನಿಜ ಬೆರೆಸಬೇಕು, ಇಲ್ಲದಿದ್ದರೆ ಹದ ಬರುವುದಿಲ್ಲ. ರೂಪಾ, ಇದನ್ನು ನೆನಪಿಟ್ಟುಕೋ.

ಬೆಳಿಗ್ಗೆ ಭೋಂಗಾ ಆಯಿತು. ರಾತ್ರಿ ಪಾಳಿಯವರು ಮೆಷಿನು ಸರಿಯಾಗಿ ಬಂದ್ ಮಾಡಿ ಹೊರಗೆ ಬಂದರು, ಬೆಳಗಿನ ಪಾಳಿಯವರು ಒಳಗೆ ಹೋಗಲಿಲ್ಲ. ಕೆಂಪು, ಹಳದಿ, ನೀಲಿ, ಎಲ್ಲ ರಸ್ತೆಯ ಬದಿಯಲ್ಲಿ ಬೆರೆತು ನಿಂತರು. ಒಳಗೆ ಬೇರೆ ಆಳು ಒಬ್ಬನೂ ಇಲ್ಲ. ಆಫೀಸರುಗಳು ಕಾರಿನಲ್ಲಿ ಬಂದು ಖಾಲಿ ಶೆಡ್ಡು ನೋಡಿ ಬೆಪ್ಪಾದರು. ಸ್ಟ್ರೈಕು ಅಂದರೆ ಹಾಗೆ! ಘೋಷಣೆ ಎಷ್ಟು ಜೋರಿತ್ತೆಂದರೆ ಕ್ವಾರಿಯವರು ಸುತ್ತಿಗೆ ಬಿಟ್ಟು ಬಂದು ನಿಂತರು.

ನಾವು ಹಿಂದಿನ ಗೇಟಿನಿಂದ ಒಳಗೆ ಹೋಗಿದ್ದೆವು. ಹಿಟ್ಟು ಕೊಪ್ಪರಿಗೆಯ ಬಾಯಿಗೆ ಬಂದಿತ್ತು. ಸ್ಟ್ರೈಕು ಅಂದರೆ ಒಲೆ ಹಚ್ಚುವ ಹಾಗಿಲ್ಲ. ವಾಸಣ್ಣ ಕೊಪ್ಪರಿಗೆಯ ಮುಂದೆ ನಿಂತು, "ಇಷ್ಟು ಚಂದ ಹಿಟ್ಟು ನನ್ನ ಜನ್ಮದಲ್ಲಿ ಬಂದಿಲ್ಲ. ಇದನ್ನು ಚೆಲ್ಲುವುದಾದರೆ ನನ್ನನ್ನೂ ಚೆಲ್ಲಿ" ಎಂದ.

"ಒಳಗೆ ಒಲೆ ಹಚ್ಚುವ ಹಾಗಿಲ್ಲ ಅಷ್ಟೇ" ಎಂದೆ. "ಎತ್ತಿ."

ಗೋಣಿ ಸುತ್ತಿ, ಎರಡೆರಡು ಜನ ಹಿಡಿದು, ಕೊಪ್ಪರಿಗೆ, ಇಡ್ಲಿ ಪೆಟ್ಟಿಗೆ, ಚಟ್ನಿ ತೆಂಗಿನಕಾಯಿ ಎಲ್ಲ ಹೊತ್ತುಕೊಂಡು ಹೊರಟೆವು. ಈ ಸಲ ದೊಡ್ಡ ಗೇಟಿನಿಂದ. ವಾಚ್‌ಮನ್ ಉತ್ತರದ ಕಡೆಯ ಭಯ್ಯಾ, ಕಾಯ್ದೆ ಎಂದರೆ ಕಾಯ್ದೆ. ಸಾಮಾನು ಹೊರಗೆ ಹೋಗಬೇಕಾದರೆ ಚೀಟಿ ತೋರಿಸಿ ಅಂತ ಅಡ್ಡ ನಿಂತ. "ಮಾಲ್ ಬಾಹರ್ ಜಾಯೇಗಾ ತೋ ಗೇಟ್‌ಪಾಸ್ ದಿಖಾವ್."

"ಇದು ಮಾಲಲ್ಲ, ಹಿಟ್ಟು" ಎಂದೆ.

"ಗೇಟ್‌ಪಾಸ್."

ನೀಲವ್ವ ಮುಚ್ಚಳ ಸರಿಸಿದಳು. "ನೋಡೋ ಯಪ್ಪಾ, ಇದಕ್ಕ ಜೀವ ಐತಿ, ಉಸರಾಡಾಕತ್ತೈತಿ. ನೀ ಇನ್ನ ಒಂದೀಟ ನಿಂದ್ರಿಸಿದ್ಯೋ, ತಾನ ನಡಕೊಂಡ ಹೋಗತೈತಿ." ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಬಗ್ಗಿ ನೋಡಿದ. ಅಷ್ಟರಲ್ಲಿ ಬಿಸಿಲಿಗೆ ಹಿಟ್ಟು ಉಕ್ಕಿ ಕೊಪ್ಪರಿಗೆಯ ಅಂಚು ದಾಟಿ ಅವನ ಪಾಲಿಷು ಹಾಕಿದ ಬೂಟಿನ ಮೇಲೆ ಬಿತ್ತು. "ಅರೇ ಅರೇ ಅರೇ, ಲೇ ಜಾವ್, ಲೇ ಜಾವ್!" ಅಂತ ಗೇಟು ತಾನೇ ತೆರೆದ. ಹೊರಗೆ ಗಂಡಸರು ಸೀಟಿ ಹೊಡೆದು ಕೂಗಿದ್ದು ನನಗೆ ಇವತ್ತಿಗೂ ಕೇಳುತ್ತದೆ.

ಕ್ವಾರಿಯ ಹೆಂಗಸರು, ನೀಲವ್ವನ ಕಡೆಯವರು, ಸೌದೆ ತಂದರು. ಕಲ್ಲು ಅವರಲ್ಲಿ ಬೇಕಾದಷ್ಟು. ಬೇಲಾಪುರ ರಸ್ತೆಯ ಬದಿಯಲ್ಲಿ ಒಲೆ ಹೂಡಿ ಇಡ್ಲಿ ಇಟ್ಟೆವು. ಲಾರಿಯವರು ನಿಲ್ಲಿಸಿ ಕೇಳಿದರು, ಹೋಟೆಲು ಯಾವಾಗ ಶುರು ಆಯಿತು ಅಂತ. ಕಾಯಲು ಬಂದ ಪೊಲೀಸ್ ಹವಾಲ್ದಾರ ಮೊದಲು ಬೇಡ ಎಂದ, ಆಮೇಲೆ ಚಟ್ನಿ ಇನ್ನೊಮ್ಮೆ ಕೇಳಿದ.

ಧಣಿ ಸ್ಕೂಟರಿನಲ್ಲಿ ಬಂದರು. "ಕಳ್ಳಿಯರೇ! ನನ್ನ ಹಿಟ್ಟು!"

"ಕೊಪ್ಪರಿಗೆ ನಿಮ್ಮದೇ ಧಣಿ, ತೊಳೆದು ಕೊಡುತ್ತೇವೆ."

"ಹಿಟ್ಟು?"

"ಇವರಿಗೇ ಅಂತ ಅರೆದದ್ದಲ್ಲವಾ? ಗೋಡೆಯ ಆಚೆ ತಿನ್ನಬೇಕಿತ್ತು, ಈಚೆ ತಿಂದರು."

"ನಾಳೆಯಿಂದ ನೀವು ಆರೂ ಜನ ಬೇಡ! ವಾಸು, ನೀನೂ ಬೇಡ!"

ನನಗೆ ಸ್ವಲ್ಪ ಹೆದರಿಕೆ ಆಯಿತು, ಇಲ್ಲ ಅನ್ನುವುದಿಲ್ಲ. ಕಳವಾ ಊರಿನ ಕೋಣೆಗೆ ಬಾಡಿಗೆ ಕೊಡುವವಳು ನಾನೇ. ಗಂಡ ಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ಆದರೆ ಕೈ ತನ್ನಷ್ಟಕ್ಕೆ ಒಂದು ತಟ್ಟೆಗೆ ಎರಡು ಇಡ್ಲಿ ಹಾಕಿ ಧಣಿಯ ಮುಂದೆ ಹಿಡಿಯಿತು. ಅವರು ಸಿಟ್ಟಿನಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿದರು. ಅಭ್ಯಾಸ ನೋಡಿ. ಜಗಿದರು. "ಉಪ್ಪು ಸರಿ ಉಂಟು" ಎಂದು ಗೊಣಗಿ ಸ್ಕೂಟರು ಹತ್ತಿದರು.

ಮಧ್ಯಾಹ್ನ ಒಳಗಿನಿಂದ ಪ್ಯೂನ್ ಒಂದು ಡಬ್ಬಿ ಹಿಡಿದುಕೊಂಡು ಬಂದ, ಸಾಹೇಬರುಗಳಿಗೆ ಹಸಿವಾಗಿದೆ ಅಂತ. ಆಗ ಅಲ್ಲಿ ಸುತ್ತ ಹೋಟೆಲು ಇರಲಿಲ್ಲ. ಒಂದು ಕಡೆ ಕ್ವಾರಿ, ಇನ್ನೊಂದು ಕಡೆ ಖಾಡಿಯ, ಸಮುದ್ರದ ಹಿನ್ನೀರಿನ, ಕೆಸರು. ಗಂಡಸರು ಕೊಡಬೇಡ ಎಂದರು. "ಯಾರಿಗೆ ಹಸಿವೋ ಅವರೇ ಬರಲಿ" ಎಂದೆ ನಾನು. ಸ್ವಲ್ಪ ಹೊತ್ತಿಗೆ ಪರ್ಸನಲ್ ಆಫೀಸರು ಕುಲಕರ್ಣಿ ಸಾಹೇಬರೇ ಬಂದರು. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಬಿಡುವುದು ಎಲ್ಲ ಇವರದೇ. ಬೆಳಗಾವಿಯ ಹತ್ತಿರದವರು, ಕನ್ನಡ ಬರುತ್ತಿತ್ತು.

"ಏನ್ರವ್ವಾ, ನಮಗೂ ನಾಕ ಇಡ್ಲಿ ಕೊಡ್ರಿ."

"ಕೊಡುತ್ತೇನೆ ಸಾಹೇಬರೇ. ಒಂದು ಮಾತು ಹೇಳಿ. ನಾವು ಯಾರ ಆಳುಗಳು?"

"ಕಾಂಟ್ರ್ಯಾಕ್ಟರನವ್ರು."

"ಹಾಗಾದರೆ ಕಾಂಟ್ರ್ಯಾಕ್ಟರನ ಹತ್ತಿರ ಕೇಳಿ. ಅವರು ಈಗ ತಾನೇ ನಮ್ಮನ್ನು ಬಿಡಿಸಿ ಸ್ಕೂಟರಿನಲ್ಲಿ ಹೋದರು, ದೂರ ಹೋಗಿರಲಿಕ್ಕಿಲ್ಲ."

ಕನ್ನಡ ತಿಳಿದವರು ಮೊದಲು ನಕ್ಕರು, ಜಾಧವ್ ಮರಾಠಿಯಲ್ಲಿ ಹೇಳಿದ ಮೇಲೆ ಉಳಿದವರು ನಕ್ಕರು. ಸಾಹೇಬರೂ ನಕ್ಕರು, ಒಳ್ಳೆಯ ಮನುಷ್ಯ. ಡಬ್ಬಿ ತುಂಬಿ ಕೊಟ್ಟೆ. ಹಸಿದವರನ್ನು ಕಳಿಸುವ ಕೆಲಸ ನನಗೆ ಬರುವುದಿಲ್ಲ. ಆದರೆ ಮಾತು ಡಬ್ಬಿಯ ಜೊತೆ ಒಳಗೆ ಹೋಗಲಿ ಅಂತಲೇ ಹೇಳಿದ್ದು.

ಸ್ಟ್ರೈಕು ನಡೆಯಿತು. ಉದ್ದು ಮುಗಿಯಿತು, ಅಕ್ಕಿ ಗಂಜಿಗೆ ಇಳಿಯಿತು. ಮೀನು ಹಿಡಿಯುವ ಕೋಳಿ ಜಾತಿಯ ಹೆಂಗಸರು ಒಣ ಬೊಂಬಿಲು ಮೀನು ಕೊಟ್ಟರು. ಮನೆಯಲ್ಲಿ ಕಷ್ಟ ಎಲ್ಲರಿಗೂ ಇತ್ತು, ಆದರೆ ಗೇಟಿಗೆ ಬಂದರೆ ಜಾತ್ರೆ. ಭಜನೆ, ಕಬಡ್ಡಿ, ನೀಲವ್ವನಿಂದ ಮ್ಯಾನೇಜರನ ನಡಿಗೆಯ ನಕಲು. ಕಂಪನಿಯ ಗಂಡಸರು ಪಾತ್ರೆ ತೊಳೆಯುವುದು ಕಲಿತದ್ದು ಆಗಲೇ. ಪಾಂಡುಮಾಮನ ಉಗುರಿನ ಕೆಂಪು ನಿಧಾನ ಕೆಳಗಿಳಿದು ಬುಡದಲ್ಲಿ ಬಿಳಿ ಕಂಡಿತು. ಅವನು ಅದನ್ನು ಎಲ್ಲರಿಗೂ ತೋರಿಸುತ್ತಿದ್ದ.

ದೀಪಾವಳಿ ಹತ್ತಿರ ಬರುವಾಗ ಒಂದು ಬೆಳಿಗ್ಗೆ ಜಾಧವ್ ಒಳಗೆ ಮಾತುಕತೆಗೆ ಹೋಗಿ ಬಂದ. ಮುಖ ಹೇಗೋ ಇತ್ತು. ನೇರ ನನ್ನ ಒಲೆಯ ಹತ್ತಿರ ಬಂದ.

"ಸುಂದರಿಬಾಯಿ, ಎಲ್ಲ ಒಪ್ಪಿದ್ದಾರೆ. ನಿಮ್ಮದು ಒಂದು ಮಾತ್ರ ಇಲ್ಲ ಅನ್ನುತ್ತಾರೆ. ನಿಮ್ಮದು ಆಮೇಲೆ ನೋಡೋಣ ಅಂತ."

ಸುತ್ತ ಎಲ್ಲ ನನ್ನ ಕಡೆ ನೋಡಿದರು. ಹಬ್ಬ ಎದುರಿಗಿದೆ, ಮಕ್ಕಳು ಮರಿ ಇದ್ದವರು. ನಾನು ಅವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ. "ನಾನು ಏನು ಹೇಳಲಿ? ನೀನು ಮಾತು ಕೊಟ್ಟದ್ದು ನನಗಲ್ಲ, ಇವರ ಮುಂದೆ" ಎಂದೆ. ಗಂಜಿ ತಿರುಗಿಸುತ್ತಾ ಇದ್ದೆ, ಕೈ ನಿಲ್ಲಿಸಲಿಲ್ಲ.

ಪಾಂಡುಮಾಮ ನಿಂತಿದ್ದವನು ಮರದ ಕೆಳಗೆ ಮತ್ತೆ ಕೂತ. ಕಾಲು ಚಾಚಿದ. "ನಾನು ಹೋಗುವುದಿಲ್ಲ. ಇವಳು ನನ್ನ ಅನ್ನಕ್ಕೆ ಬೀಟ್‌ರೂಟ್ ಅಂದವಳು" ಎಂದ. ಜೀವಮಾನದಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ. "ಚಹಾ ಉಂಟಾ?"

ಅವನ ಪಕ್ಕ ಇನ್ನೊಬ್ಬ ಕೂತ. ಆಮೇಲೆ ಹಳದಿ ಖಾತೆಯವರು. ಆಮೇಲೆ ಲಟ್ಟಣಿಗೆಗೆ ಹೆದರಿದ್ದವನು. ಎಲ್ಲರೂ ಕೂತ ಮೇಲೆ ಜಾಧವ್ ಒಬ್ಬನೇ ನಿಂತಿದ್ದ. ಎಲ್ಲರನ್ನೂ ನೋಡಿ ತಲೆ ಕೊಡವಿ ನಕ್ಕು, ಬಂದ ದಾರಿಯಲ್ಲೇ ಒಳಗೆ ಹೋದ. ಎಷ್ಟೋ ಹೊತ್ತಿನ ಮೇಲೆ ಬಂದ. ಈ ಸಲ ಗೇಟಿನಿಂದಲೇ ಎರಡೂ ಕೈ ಮೇಲೆ. ಕುಲಕರ್ಣಿ ಸಾಹೇಬರು ಒಳಗೆ ನಮ್ಮ ಪರ ಹೇಳಿದರಂತೆ, ಇಡ್ಲಿ ತಿಂದದ್ದು ನಾವು, ಆಳುಗಳು ಕಾಂಟ್ರ್ಯಾಕ್ಟರನವರು ಅಂದರೆ ನಗೆಪಾಟಲು ಅಂತ. ನಿಜವೋ ಸುಳ್ಳೋ. ಸಾಹೇಬರನ್ನು ನಾನು ಕೇಳಲಿಲ್ಲ. ನಾವು ಆರೂ ಹೆಂಗಸರು, ವಾಸಣ್ಣ, ಕಂಪನಿಯ ಮಸ್ಟರಿಗೆ.

ನೀಲವ್ವ ಜಾಧವನನ್ನು ಎತ್ತಿಯೇಬಿಟ್ಟಳು. ಕಲ್ಲು ಹೊತ್ತ ಹೆಂಗಸು. ಯಾರೋ ಗುಲಾಲು ತಂದರು. ಅದು ಬೇಕಿರಲಿಲ್ಲ, ಮೊದಲೇ ಬಣ್ಣದ ಜನ.

ಧಣಿ ಆಮೇಲೆ ಕೆಟ್ಟದ್ದೇನೂ ಮಾಡಲಿಲ್ಲ. ಡೊಂಬಿವಿಲಿ ಸ್ಟೇಷನ್ನಿನ ಹತ್ತಿರ ಹೋಟೆಲು ತೆರೆದರು, ಚೆನ್ನಾಗಿ ನಡೆಯಿತು. ನಾನು ಹೋದಾಗಲೆಲ್ಲ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಆದರೆ "ಸಂಕಷ್ಟಿ ಯಾವಾಗ?" ಅಂತ ಪ್ರತಿ ಸಲ ಕೇಳುತ್ತಿದ್ದರು.

ರೂಪಾ, ನಿನ್ನ ಕುತ್ತಿಗೆಯ ಕಾರ್ಡು ಒಮ್ಮೆ ತಿರುಗಿಸಿ ನೋಡು. ಕಂಪನಿಯ ಹೆಸರಿದೆಯೋ, ಬೇರೆ ಯಾರದೋ ಇದೆಯೋ. ಆಮೇಲೆ ನಿನ್ನ ಜೊತೆಯವರ ಕಾರ್ಡು ನೋಡು. ಮುಂದಿನದು ನಾನು ಹೇಳುವುದಿಲ್ಲ, ನಿಮ್ಮ ಕಾಲದ ರೀತಿ ನಿಮಗೇ ಗೊತ್ತು. ಹಿಟ್ಟು ಈಗ ಪ್ಯಾಕೆಟ್ಟಿನಲ್ಲಿ ಬರುತ್ತದಂತೆ.

ಸ್ಟ್ರೈಕು ಮುಗಿದ ಮರುದಿನ ಬೆಳಿಗ್ಗೆ ನಾನು ಕಳವಾ ನಾಕೆಯ ಸ್ಟಾಪಿನಿಂದ ಕಂಪನಿ ಬಸ್ಸಿನಲ್ಲಿ ಹೋದೆ, ದೊಡ್ಡ ಗೇಟಿನಿಂದ ಒಳಗೆ ನಡೆದೆ. ಭಯ್ಯಾ ಕೊಪ್ಪರಿಗೆ ಇದೆಯೋ ಅಂತ ನನ್ನ ಕೈ ನೋಡಿದ. ಹಿಂದಿನ ಸಂಜೆಯ ಗದ್ದಲದಲ್ಲಿ ಹೊಸ ಅಕ್ಕಿ, ಉದ್ದು ತರಿಸಿ ಹಿಟ್ಟು ಅರೆದದ್ದು ವಾಸಣ್ಣ ಒಬ್ಬನೇ, ಬೇಯಿಸಿದ್ದೂ ಅವನೇ. ಎಲ್ಲರಿಗೂ ಬಡಿಸಿದೆವು. ಆಮೇಲೆ ನಾನು ಒಂದು ತಟ್ಟೆ ತೆಗೆದುಕೊಂಡು, ಪಾಂಡುಮಾಮನ ಎದುರಿನ ಬೆಂಚಿನಲ್ಲಿ, ಕಾಲು ಮೇಜಿನ ಕೆಳಗೆ ಇಟ್ಟು ಕೂತೆ. ಒಂದು ತುಂಡು ಮುರಿದು ತಿಂದೆ. ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ.

"ವಾಸಣ್ಣ, ಉಪ್ಪು ಕಡಿಮೆ!"